ಹತ್ತು ಸೆಕೆಂಡಿನ ದಂಡ ಮತ್ತು ಸೋದರಮಾವ

ಮೊನ್ನೆ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಶ್ಯಾವಿಗೆ ಒತ್ತುವ ಒರಳು ಹುಡುಕುತ್ತಿದ್ದೆ. ಒರಳು ಸಿಗಲಿಲ್ಲ. ಕೈಗೆ ಸಿಕ್ಕಿದ್ದು ತುದಿಗೆ ಕೆಂಪು ರಿಬ್ಬನ್ ಕಟ್ಟಿದ ಒಂದು ಹಳೆಯ ಲಟ್ಟಣಿಗೆ. ಹೊಸಬರು ಯಾರಾದರೂ ನೋಡಿದರೆ ಯಾವುದೋ ದೇವರಿಗೆ ಹೊತ್ತ ಹರಕೆ ಅಂದುಕೊಂಡಾರು. ಹರಕೆಯಲ್ಲ, ಅದು ನಮ್ಮ ಅತ್ತೆಯವರ ಕೆಂಪು ಬಾವುಟ. ಕಾರು ರೇಸಿನಲ್ಲಿ ಅನಾಹುತವಾದರೆ ಕೆಂಪು ಬಾವುಟ ಬೀಸಿ ರೇಸು ನಿಲ್ಲಿಸುತ್ತಾರಂತೆ. ನಮ್ಮ ಮನೆಯಲ್ಲಿ ಅನಾಹುತವಾಗುತ್ತಿದ್ದದ್ದು ರೇಸು ಮುಗಿದ ಮೇಲೆ. ನಡುಮನೆಯಲ್ಲಿ ಕೂತ ಗಂಡಸರ ದನಿ ಏರಿ ಪಕ್ಕದ ಮನೆಯ ನಾಯಿ ಬೊಗಳತೊಡಗಿದ ಕೂಡಲೇ ಅತ್ತೆಯವರು ಲಟ್ಟಣಿಗೆ ಎತ್ತಿ ಹಿಡಿಯುತ್ತಿದ್ದರು. ಎಲ್ಲರೂ ಬಾಯಿ ಮುಚ್ಚಬೇಕು, ನಾಯಿಯ ಹೊರತು.

ದಾವಣಗೆರೆಗೂ ಕಾರು ರೇಸಿಗೂ ಏನು ಸಂಬಂಧ ಅಂತ ನೀವು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಮ್ಮೂರಿನಲ್ಲಿ ವೇಗವಾಗಿ ನಡೆಯುವ ಕೆಲಸವೆಂದರೆ ದೋಸೆಯ ಮೇಲೆ ಬೆಣ್ಣೆ ಹಾಕುವುದೊಂದೇ. ನಮ್ಮ ಮನೆಯವರಿಗೆ ಮಂಡಿಪೇಟೆಯಲ್ಲಿ ಬೆಲ್ಲದ ಸಗಟು ಅಂಗಡಿ. ಬೆಲ್ಲ ಓಡುವ ಪದಾರ್ಥವಲ್ಲ, ಅವರೂ ಓಡುವ ಪೈಕಿಯವರಲ್ಲ. ಕೆಲವು ವರ್ಷಗಳ ಹಿಂದೆ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದರು. ಅದೇ ವಾರ ಟಿವಿಯ ರಿಮೋಟು ದಿವಾನದ ಹಿಂದಿನ ಸಂದಿಗೆ ಬಿತ್ತು. ಎದ್ದು ತೆಗೆಯಲು ಅವರಿಗಾಗದು, ಅವರನ್ನು ಹೊತ್ತ ದಿವಾನವನ್ನು ಸರಿಸಲು ನನಗಾಗದು. ಟಿವಿಯಲ್ಲಿ ಸಿಕ್ಕಿಕೊಂಡಿದ್ದ ಚಾನೆಲ್ಲಿನಲ್ಲಿ ಬಣ್ಣಬಣ್ಣದ ಕಾರುಗಳು ಗುಂಯ್ ಎಂದು ಒಂದೇ ದಾರಿಯಲ್ಲಿ ಸುತ್ತುತ್ತಲೇ ಇದ್ದವು. ಮೊದಲ ದಿನ ಬೈದರು, ಎರಡನೆಯ ದಿನ ಸುಮ್ಮನಾದರು, ಮೂರನೆಯ ದಿನ ನಾನು ಕಾಫಿ ಕೊಡಲು ಹೋದರೆ, "ಅಡ್ಡ ನಿಲ್ಲಬ್ಯಾಡ, ಪಿಟ್ಟಿಗೆ ಬರ್ತಾ ಐತೆ" ಎಂದರು.

ಪಿಟ್ಟು ಎಂದರೆ ರೇಸಿನ ನಡುವೆ ಕಾರು ಪಕ್ಕಕ್ಕೆ ಬಂದು ಟೈರು ಬದಲಾಯಿಸಿಕೊಳ್ಳುವ ಜಾಗ. ಎಷ್ಟೊತ್ತಿಗೆ ಬರಬೇಕು, ಯಾವ ಟೈರು ಹಾಕಿಸಿಕೊಳ್ಳಬೇಕು ಎನ್ನುವುದೇ ದೊಡ್ಡ ವಿದ್ಯೆಯಂತೆ. ಬೇಗ ಬಂದರೂ ಕೆಟ್ಟಿತು, ತಡವಾಗಿ ಬಂದರೂ ಕೆಟ್ಟಿತು. ಇದರಲ್ಲಿ ವಿದ್ಯೆ ಏನಿದೆಯೋ ನನಗಂತೂ ತಿಳಿಯದು. ಅನ್ನ ಇಳಿಸುವುದೂ ಹಾಗೆಯೇ, ಅದನ್ನು ಯಾರೂ ಟಿವಿಯಲ್ಲಿ ತೋರಿಸುವುದಿಲ್ಲ.

ಮುರಿದ ಕಾಲನ್ನು ನೋಡಲು ನನ್ನ ತಮ್ಮ ಬಸವರಾಜ ಕೊಕ್ಕನೂರಿನಿಂದ ಒಂದು ಕುಂಬಳಕಾಯಿ ಹೊತ್ತು ಬಂದ. ಹರಿಹರದ ಆಚೆ ನಮ್ಮ ತವರಿನ ಗದ್ದೆಯನ್ನು ಈಗ ಅವನೇ ಮಾಡಿಸುತ್ತಾನೆ. ಭಾವನ ಯೋಗಕ್ಷೇಮ ಕೇಳಿ ಅರ್ಧ ಗಂಟೆಯಲ್ಲಿ ಹೊರಡುವವನು ಸಂಜೆಯ ತನಕ ಕೂತ. ಮುಂದಿನ ಭಾನುವಾರ ಮತ್ತೆ ಬಂದ, ಇನ್ನೊಂದು ಕುಂಬಳಕಾಯಿಯೊಂದಿಗೆ. ಕಾಲು ಕೂಡಿಕೊಂಡಿತು, ರಿಮೋಟೂ ಸಿಕ್ಕಿತು, ಭಾನುವಾರದ ಬರುವಿಕೆ ಮಾತ್ರ ನಿಲ್ಲಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಕುಂಬಳಕಾಯಿಯ ಪಲ್ಯ, ಸಾಂಬಾರು, ಕಡುಬು, ಪಾಯಸ ಎಲ್ಲ ಆಗಿ, ಕೊನೆಗೆ ನಾನು ಬೀದಿಯವರಿಗೆಲ್ಲ ಹಂಚಿದೆ.

ನನ್ನ ತಮ್ಮನಿಗೆ ಈ ಹುಚ್ಚು ಹೊಸದಲ್ಲ. ಚಿಕ್ಕವರಿದ್ದಾಗ ನಾವಿಬ್ಬರೂ ನಾಲೆಯ ಏರಿಯ ಮೇಲೆ ಸೈಕಲ್ಲಿನ ಹಳೆಯ ಟೈರನ್ನು ಕೋಲಿನಿಂದ ಹೊಡೆಯುತ್ತ ಓಡಿಸುತ್ತಿದ್ದೆವು. ನಾನು ದೊಡ್ಡವಳು, ಕಾಲು ಉದ್ದ, ಗೆಲ್ಲಬೇಕಾದವಳು ನಾನೇ. ಆದರೆ ಅರ್ಧ ದಾರಿಯಲ್ಲಿ ಬೇವಿನ ಮರ ದಾಟುವ ಹೊತ್ತಿಗೆ ಅವನ ಟೈರು ಇದ್ದಕ್ಕಿದ್ದಂತೆ ದೊಡ್ಡದಾಗುತ್ತಿತ್ತು. ಮೊದಲೇ ಹೋಗಿ ಮರದ ಹಿಂದೆ ಮೋಟಾರು ಬೈಕಿನ ಟೈರು ಬಚ್ಚಿಟ್ಟು ಬಂದಿರುತ್ತಿದ್ದ. ಅದೊಂದು ಸಲ ಉರುಳತೊಡಗಿದರೆ ಮುಗಿಯಿತು. ನಾನು ಅವ್ವನ ಹತ್ತಿರ ದೂರು ಒಯ್ದರೆ ಅವಳು ಇಬ್ಬರಿಗೂ ಒಂದೊಂದು ಏಟು ಕೊಟ್ಟು ಎಮ್ಮೆಗೆ ನೀರು ಕುಡಿಸಲು ಕಳಿಸುತ್ತಿದ್ದಳು. ಪಿಟ್ಟಿನ ಲೆಕ್ಕಾಚಾರವನ್ನು ಜಗತ್ತಿನಲ್ಲಿ ಯಾರೇ ಕಂಡುಹಿಡಿದಿರಲಿ, ಕೊಕ್ಕನೂರಿಗೆ ತಂದವನು ನನ್ನ ತಮ್ಮ. ಅವ್ವ ಅಪ್ಪ ಇಬ್ಬರೂ ಈಗಿಲ್ಲ. ನನಗೆ ತವರು ಅಂತ ಉಳಿದಿರುವುದು ಅವನೊಬ್ಬನೇ.

ದೇವರಾಜ ಅರಸು ಬಡಾವಣೆಯ ನಮ್ಮ ನಡುಮನೆ ಹೀಗೆ ಭಾನುವಾರದ ನ್ಯಾಯಾಲಯವಾಯಿತು. ರೇಸು ಮುಗಿಯುವ ಹೊತ್ತಿಗೆ ನಾನು ಖಾರ ಮಂಡಕ್ಕಿ ಕಲೆಸಿ ಮಿರ್ಚಿ ಕರಿದು ತರುತ್ತಿದ್ದೆ. ಆಮೇಲೆ ಶುರು. ಇವನು ಯಾಕೆ ಆಗ ಪಿಟ್ಟಿಗೆ ಬಂದ, ಅವನಿಗೆ ಯಾಕೆ ಐದು ಸೆಕೆಂಡು ದಂಡ ಬಿತ್ತು, ಇವನಿಗೆ ಯಾಕೆ ಬೀಳಲಿಲ್ಲ. ತಪ್ಪು ಮಾಡಿದವನ ಓಟದ ಹೊತ್ತಿಗೆ ಅಷ್ಟು ಸೆಕೆಂಡು ಕೂಡಿಸುವುದೇ ದಂಡವಂತೆ. ಚಾಲಕರ ಹೆಸರಿಗೆ ಇವರ ನಾಲಿಗೆ ಹೊರಳುತ್ತಿರಲಿಲ್ಲ, ಹಾಗಾಗಿ ಕೆಂಪು ಕಾರಿನವನು, ಬೆಳ್ಳಿ ಕಾರಿನವನು ಎಂದೇ ಮಾತು. ನಮ್ಮ ಮನೆಯವರು ಕೆಂಪು ಕಾರಿನ ಪಕ್ಷ, ತಮ್ಮ ಬೆಳ್ಳಿ ಕಾರಿನ ಪಕ್ಷ. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ರುದ್ರೇಶಪ್ಪನವರು ಯಾವ ಪಕ್ಷಕ್ಕೂ ಸೇರದೆ, "ಎರಡೂ ಕಡೆ ನ್ಯಾಯ ಐತೆ ಬಿಡ್ರಿ" ಎನ್ನುತ್ತ ಇಬ್ಬರ ತಟ್ಟೆಯ ಮಿರ್ಚಿಗೂ ಕೈ ಹಾಕುತ್ತಿದ್ದರು.

ಜಗಳ ತೀರದಿದ್ದಾಗ ತೀರ್ಪು ಕೊಡಲು ಅತ್ತೆಯವರನ್ನು ಕೂರಿಸಿದ್ದು ರುದ್ರೇಶಪ್ಪನವರ ಐಡಿಯಾ. ಅತ್ತೆಯವರಿಗೆ ರೇಸಿನ ಗಂಧಗಾಳಿ ಗೊತ್ತಿಲ್ಲ, ಆದ್ದರಿಂದ ಪಕ್ಷಪಾತ ಇರುವುದಿಲ್ಲ ಎಂಬುದು ವಾದ. ಅತ್ತೆಯವರು ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡರು. ಪ್ರಶ್ನೆಗಳನ್ನು ಕೇಳುತ್ತಿದ್ದರು. ಕೆಂಪು ಕಾರಿನವನಿಗೆ ಮದುವೆ ಆಗಿದೆಯೋ, ಬೆಳ್ಳಿ ಕಾರಿನವನ ತಾಯಿ ಇದ್ದಾಳೋ, ಅಷ್ಟು ಜೋರಾಗಿ ಹೋಗಿ ಅವನಿಗೆ ಏನು ಕೆಲಸ ಆಗಬೇಕಿತ್ತು. ಒಮ್ಮೆ ಯಾರೋ ಒಬ್ಬ ಬಿಳಿ ಗೆರೆ ದಾಟಿದ್ದಕ್ಕೆ ಬಿದ್ದ ದಂಡವನ್ನು, "ಬಿಸಿಲಿಗೆ ಕಣ್ಣು ಕತ್ತಲೆ ಬಂದಿರುತ್ತೆ ಪಾಪ" ಎಂದು ರದ್ದು ಮಾಡಿದರು. ರೇಸು ನಡೆಸಿದವರಿಗೆ ಈ ತೀರ್ಪು ತಲುಪಿದಂತೆ ಕಾಣಲಿಲ್ಲ.

ನಾನು ಇದನ್ನೆಲ್ಲ ದೂರದಿಂದ ನೋಡಿ ನಗುತ್ತಿದ್ದೆ ಅಂದುಕೊಳ್ಳಬೇಡಿ. ನನಗೂ ಅಂಟಿತ್ತು. ಬೆಳಿಗ್ಗೆ ಮಗಳು ಸಹನಾ ಕೆಲಸಕ್ಕೆ ಹೊರಡುವಾಗ ಡಬ್ಬಿ, ನೀರಿನ ಬಾಟಲಿ, ಕೊಡೆ, ಹಣೆಗೆ ವಿಭೂತಿ ಎಲ್ಲವನ್ನೂ ಅವಳು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಮುಗಿಸಿ ಬಾಗಿಲಲ್ಲಿ ನಿಂತು, ಪಿಟ್ಟಿನಲ್ಲಿ ಟೈರು ಬದಲಾಯಿಸಿದವರ ಹಾಗೆ ಹೆಮ್ಮೆಯಿಂದ ಕೈ ಎತ್ತುತ್ತಿದ್ದೆ. ಒಂದು ದಿನ ಆ ಭರದಲ್ಲಿ ಡಬ್ಬಿಯ ಬದಲು ಹೆಪ್ಪು ಹಾಕಿದ ಮೊಸರಿನ ಪಾತ್ರೆ ಕೊಟ್ಟು ಕಳಿಸಿದೆ.

ಇಷ್ಟರಲ್ಲಿ ಸಹನಾಳ ಮದುವೆ ನಿಶ್ಚಯವಾಯಿತು. ನಮ್ಮ ಕಡೆ ಮದುವೆಯಲ್ಲಿ ಸೋದರಮಾವನಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಮಂಟಪಕ್ಕೆ ಹುಡುಗಿಯ ಕೈ ಹಿಡಿದು ಕರೆತರುವವನು ಅವನು. ಬಾಸಿಂಗ ಕಟ್ಟುವಾಗ ಪಕ್ಕದಲ್ಲಿ ನಿಲ್ಲುವವನು ಅವನು. ಲಗ್ನಪತ್ರಿಕೆ ಅಚ್ಚಾಗಿ ಬಂದರೆ ದೇವರ ಮುಂದಿಟ್ಟು, ಮೊದಲನೆಯದನ್ನು ಹೂವು ಹಣ್ಣಿನ ಸಮೇತ ಒಯ್ದು ಅವನ ಮನೆಯಲ್ಲೇ ಕೊಡಬೇಕು. ಅದಾದ ಮೇಲಷ್ಟೇ ಉಳಿದವರಿಗೆ. ಕರೆಯದ ಮನೆಗೆ ಸೋದರಮಾವ ಹೋಗುವುದಿಲ್ಲ, ಹೋಗಬಾರದು. ಪತ್ರಿಕೆಗಳು ಶನಿವಾರ ಬಂದವು. ಸೋಮವಾರ ಕೊಕ್ಕನೂರಿಗೆ ಹೋಗಿ ಕೊಡುವುದೆಂದು ಮಾತಾಯಿತು. ನಡುವೆ ಒಂದು ಭಾನುವಾರವಿತ್ತು.

ಆ ರೇಸಿನಲ್ಲಿ ಮಳೆ ಬಂತು. ಮಳೆ ಬಂದರೆ ಗೀರುಗೀರಿನ ಟೈರು ಹಾಕಿಸಿಕೊಳ್ಳಬೇಕಂತೆ. ಬೆಳ್ಳಿ ಕಾರಿನವನು ಹನಿ ಬಿದ್ದ ಕೂಡಲೇ ಪಿಟ್ಟಿಗೆ ಬಂದ. ಕೆಂಪು ಕಾರಿನವನು ಮಳೆ ನಿಂತೀತೆಂದು ಕಾದ. ನಿಲ್ಲಲಿಲ್ಲ. ಕೊನೆಗೆ ಬಂದು ಟೈರು ಹಾಕಿಸಿಕೊಂಡು, ಕಳೆದ ಹೊತ್ತನ್ನು ಕೂಡಿಸಿಕೊಳ್ಳುವ ಆತುರದಲ್ಲಿ ಒಂದು ತಿರುವಿನಲ್ಲಿ ಬೆಳ್ಳಿ ಕಾರಿನ ಒಳಮಗ್ಗುಲಿಗೆ ನುಗ್ಗಿ ಅದನ್ನು ತಳ್ಳಿಬಿಟ್ಟ. ಬೆಳ್ಳಿ ಕಾರು ದಾರಿ ಬಿಟ್ಟು ಪಕ್ಕದ ಉಸುಕಿಗೆ ಹೋಯಿತು. ಕೆಂಪು ಕಾರಿಗೆ ಹತ್ತು ಸೆಕೆಂಡು ದಂಡ ಬಿತ್ತು. ಎರಡನೆಯವನಾಗಿ ಬಂದವನು ಎಷ್ಟನೆಯವನೋ ಆಗಿ ಹೋದ.

ನಾನು ಜೋಳದ ರೊಟ್ಟಿ ಬಡಿಸುತ್ತಿದ್ದೆ. ಊಟಕ್ಕೆ ಕೂತವರ ಮಾತು ಮೊದಲು ಮೆಲ್ಲಗೇ ಇತ್ತು.

"ದಂಡ ಸರಿ ಐತೆ ಭಾವ" ಎಂದ ತಮ್ಮ. "ಹಿಂದಿನಿಂದ ಬಂದೋನು ಜಾಗ ಐತೋ ಇಲ್ಲೋ ನೋಡ್ಕೋಬೇಕು."

"ಮುಂದಿರೋನು ಬಾಗ್ಲು ಹಾಕಿದ. ಅವನು ಎಲ್ಲಿಗೆ ಹೋಗ್ಬೇಕು, ಆಕಾಶಕ್ಕೇನು?" ಎಂದರು ಇವರು.

"ಅದಿರ್ಲಿ, ಅಷ್ಟೊತ್ತು ಕಾಯಾದು ಯಾಕೆ ಅಂತೀನಿ. ಮಳಿ ಕಣ್ಣಿಗೆ ಕಾಣ್ತಿತ್ತು."

"ಕಾಯೋದೂ ಒಂದು ಲೆಕ್ಕಾಚಾರನಪ್ಪ. ಅದು ಎಲ್ಲರಿಗೂ ತಿಳಿಯಲ್ಲ."

ತಮ್ಮ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. ನಾನು ಅಡುಗೆಮನೆಯಿಂದಲೇ ಕಣ್ಸನ್ನೆ ಮಾಡಿದೆ, ಅವನು ನೋಡಲಿಲ್ಲ. "ಹೌದ್ರಿ, ಹೋದ ಮಳೆಗಾಲದಾಗೆ ರೇಟು ಬರ್ಲಿ ಅಂತ ಕಾಯ್ದು ಗೋದಾಮಿನಾಗೆ ಬೆಲ್ಲ ಕರಗಿಸ್ಕೊಂಡೋರಿಗೆ ಅದು ತಿಳಿಯುತ್ತೆ" ಎಂದ.

ಕರಗಿದ ಬೆಲ್ಲದ ಸುದ್ದಿ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಇವರ ಮುಖ ಕೆಂಪು ಕಾರಿನ ಬಣ್ಣಕ್ಕೆ ತಿರುಗಿತು. "ಎಮ್ಮಿ ಬಾಲ ಹಿಡ್ಕೊಂಡು ನಡೆಯೋರಿಗೆ ರೇಸಿನ ನ್ಯಾಯ ಏನು ಗೊತ್ತು" ಎಂದರು.

ಅತ್ತೆಯವರು ಲಟ್ಟಣಿಗೆ ಎತ್ತಿದರು. ಅಷ್ಟರಲ್ಲಿ ನನ್ನ ತಮ್ಮ ತಟ್ಟೆಯಲ್ಲೇ ಕೈ ತೊಳೆದಿದ್ದ. ಅರ್ಧ ರೊಟ್ಟಿ ಹಾಗೇ ಇತ್ತು. "ಬರ್ತೀನಕ್ಕ" ಎಂದು ಬೈಕು ಹತ್ತಿ ಹೊರಟೇಬಿಟ್ಟ. ನನ್ನ ಮದುವೆಯಾದ ಮೇಲೆ ಅವನು ನನ್ನ ಮನೆಯಿಂದ ಅರ್ಧ ಊಟಕ್ಕೆ ಎದ್ದು ಹೋದದ್ದು ಅದೇ ಮೊದಲು. ರುದ್ರೇಶಪ್ಪನವರು ಕೂಡ ಆವತ್ತು ಎರಡೂ ಕಡೆ ನ್ಯಾಯ ಐತೆ ಎನ್ನಲಿಲ್ಲ.

ಸೋಮವಾರ ಬಂತು, ಹೋಯಿತು. ಇವರು ಅಂಗಡಿಗೆ ಹೋದರು, ಕೊಕ್ಕನೂರಿಗಲ್ಲ. ಕೇಳಿದರೆ, "ಆ ದಂಡ ತಪ್ಪು ಅಂತ ಅವನು ಒಪ್ಕೊಳ್ಳಲಿ, ಆ ಕ್ಷಣ ಗಾಡಿ ತೆಗೀತೀನಿ" ಎಂದರು. ತಮ್ಮನಿಗೆ ಫೋನು ಮಾಡಿದೆ. "ದಂಡ ಸರಿ ಅಂತ ಭಾವ ಒಂದ್ಮಾತು ಅನ್ಲಿ ಅಕ್ಕ, ನಾನೇನು ಬೇರೆ ಕೇಳ್ತೀನಾ" ಎಂದ. ಬೆಲ್ಲದ ಮಾತು, ಎಮ್ಮೆಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ನೋವಾದದ್ದು ಅಲ್ಲಿ, ಹಟ ಮಾತ್ರ ಹತ್ತು ಸೆಕೆಂಡಿನ ಮೇಲೆ. ಯಾವುದೋ ದೇಶದ ಯಾವುದೋ ತಿರುವಿನಲ್ಲಿ, ನಮ್ಮ ಹೆಸರೇ ಕೇಳದ ಇಬ್ಬರು ಒಬ್ಬರಿಗೊಬ್ಬರು ತಾಗಿದ್ದಕ್ಕೆ ನನ್ನ ಮಗಳ ಮದುವೆಯ ಪತ್ರಿಕೆಗಳ ಕಟ್ಟು ದೇವರ ಮನೆಯಲ್ಲಿ ದಾರ ಬಿಚ್ಚದೆ ಕೂತಿತ್ತು. ಸೋದರಮಾವನಿಗೆ ಕೊಡದೆ ಬೇರೆ ಯಾರಿಗೂ ಕೊಡುವಂತಿಲ್ಲ. ಗಂಡಿನ ಕಡೆಯ ಬೀಗರು ಫೋನು ಮಾಡಿ, ಪತ್ರಿಕೆ ಹಂಚೋದು ಮುಗೀತಾ ಎಂದು ಕೇಳಿದರೆ ನಾನು ಅಮಾವಾಸ್ಯೆ ಕಳೀಲಿ ಅಂತ ಕಾಯ್ತಿದೀವಿ ಎಂದೆ. ಅಮಾವಾಸ್ಯೆ ಕಳೆದು ಎಷ್ಟೋ ದಿನವಾಗಿತ್ತು.

ರುದ್ರೇಶಪ್ಪನವರು ಸಂಧಾನಕ್ಕೆಂದು ಸ್ಕೂಟರಿನಲ್ಲಿ ಕೊಕ್ಕನೂರಿಗೆ ಹೋಗಿ ಬಂದರು. ಹೋಗುವಾಗ ಇವರ ವಾದ ಒಯ್ದಿದ್ದರು. ಬರುವಾಗ ತಮ್ಮನ ಪ್ರತಿವಾದ, ಮೊಬೈಲಿನಲ್ಲಿ ತಿರುವಿನ ಫೋಟೋ, ಮತ್ತು ಒಂದು ಕುಂಬಳಕಾಯಿ ತಂದರು. ಕುಂಬಳಕಾಯಿ ಯಾರಿಗೆ ಎಂದು ಕೇಳಿದೆ. ತಮಗೇ ಕೊಟ್ಟದ್ದು ಎಂದು ಮನೆಗೆ ಒಯ್ದರು. ಆವತ್ತು ನನಗೆ ನಿಜವಾಗಿ ಭಯವಾಯಿತು. ನಮ್ಮ ಮನೆಗೆ ಬರಬೇಕಾದ ಕುಂಬಳಕಾಯಿ ಪಕ್ಕದ ಮನೆಗೆ ಹೋಯಿತೆಂದರೆ ತಮ್ಮ ಮನಸ್ಸು ಗಟ್ಟಿ ಮಾಡಿದ್ದಾನೆ ಎಂದೇ ಅರ್ಥ.

ಕೊನೆಗೆ ಮರುವಿಚಾರಣೆ ಮಾಡುವುದೆಂದು ತೀರ್ಮಾನವಾಯಿತು. ಅಂಗಳದಲ್ಲಿ ನಾನೇ ರಂಗೋಲಿ ಹಿಟ್ಟಿನಿಂದ ಆ ತಿರುವನ್ನು ಬರೆದೆ. ಫೋಟೋ ನೋಡಿಕೊಂಡು ಬರೆಯುವಾಗ ಕೈ ರೂಢಿಯಂತೆ ಓಡಿ ತುದಿಯಲ್ಲೊಂದು ಕಮಲದ ಎಸಳು ಬಂದುಬಿಟ್ಟಿತು. ಅದನ್ನು ಅಳಿಸಲು ಇವರು ಬಿಡಲಿಲ್ಲ, ಅಲ್ಲಿ ನಿಜವಾಗಿಯೂ ರಸ್ತೆ ಅಗಲ ಇದೆ ಎಂದರು. ಕೆಂಪು ಕಾರಿಗೆ ಅಂಗಡಿಯ ಅಚ್ಚು ಬೆಲ್ಲ, ಬೆಳ್ಳಿ ಕಾರಿಗೆ ಅತ್ತೆಯವರ ಕುಂಕುಮದ ಭರಣಿ. ನನ್ನ ತಮ್ಮ ಗದ್ದೆಯಿಂದ ಫೋನಿನಲ್ಲಿ, ಜೋರು ದನಿಗೆ ಇಟ್ಟು. ಅವನ ಹಿಂದೆ ಪಂಪ್‌ಸೆಟ್ಟು ಡಗಡಗ ಎನ್ನುತ್ತಿತ್ತು. ಇಬ್ಬರೂ ನೇರವಾಗಿ ಮಾತಾಡುವುದಿಲ್ಲ, ಎಲ್ಲ ಅತ್ತೆಯವರ ಮೂಲಕ.

"ಅವ್ವಾರೆ, ಬೆಲ್ಲ ಎಲ್ಲಿ ಇಟ್ಟಾರೆ ಕೇಳ್ರಿ" ಎನ್ನುತ್ತಿತ್ತು ಫೋನು.

"ಇರಬೇಕಾದ ಜಾಗದಾಗೇ ಐತೆ ಅನ್ನವ್ವ" ಎನ್ನುತ್ತಿದ್ದರು ಇವರು, ಬೆರಳಿನಿಂದ ಬೆಲ್ಲವನ್ನು ಚೂರು ಮುಂದಕ್ಕೆ ಸರಿಸುತ್ತ.

ವಾದ ಎಷ್ಟು ಬೆಳೆಯಿತೆಂದರೆ ಕೆಂಪು ಕಾರಿಗೆ ಇರುವೆ ಹತ್ತಿತು. ಅತ್ತೆಯವರು ರಂಗೋಲಿಯ ಸುತ್ತ ಎರಡು ಸಲ ನಡೆದು, ಬಗ್ಗಿ ನೋಡಿ, "ಹಿಂಗೆ ಸೊಟ್ಟಕೆ ರೋಡು ಮಾಡಿದೋನು ಯಾರು? ಅವನಿಗೆ ಹಾಕ್ರಿ ದಂಡ" ಎಂದು ತೀರ್ಪು ಕೊಟ್ಟು ಭರಣಿಯನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದರು. ನನಗಂತೂ ಅದು ನ್ಯಾಯವಾಗಿಯೇ ಕಂಡಿತು. ಇಬ್ಬರೂ ಒಪ್ಪಲಿಲ್ಲ. ಆ ತೀರ್ಪಿಗೆ ಕಾನೂನಿನ ಆಧಾರವಿಲ್ಲ ಎನ್ನುವ ಒಂದೇ ವಿಷಯದಲ್ಲಿ ನಮ್ಮ ಮನೆಯವರೂ ನನ್ನ ತಮ್ಮನೂ ಆ ತಿಂಗಳು ಒಮ್ಮತಕ್ಕೆ ಬಂದರು.

ಆ ಸಂಜೆ ಸಹನಾ ನನ್ನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ, "ಅಮ್ಮ, ಮಾಮ ಬರದೇ ಇದ್ರೆ ನನ್ನನ್ನ ಮಂಟಪಕ್ಕೆ ಯಾರು ಕರ್ಕೊಂಡು ಹೋಗ್ತಾರೆ?" ಎಂದಳು. ನಗುತ್ತಲೇ ಕೇಳಿದಳು. ನನಗೆ ನಗಲು ಆಗಲಿಲ್ಲ, ಎದ್ದು ಹೋಗಿ ಸಿಂಕಿನ ಮುಂದೆ ಕಣ್ಣೀರು ಹಾಕಿದೆ. ಅತ್ತೆಯವರು ನೋಡಿದರು. ನೇರ ಮಗನ ಮುಂದೆ ಹೋಗಿ ನಿಂತರು. "ಮಲ್ಲೇಶಿ, ನಾಳೆ ಬೆಳಿಗ್ಗೆ ಗಾಡಿ ತೆಗಿ. ನಾನೂ ಬರ್ತೀನಿ. ನೀನು ತೆಗೀದಿದ್ರೆ ಬಸ್ಸಿಗೆ ಹೋಗ್ತೀನಿ, ಬೀದಿಯೋರೆಲ್ಲ ನೋಡ್ಲಿ" ಎಂದರು. ಇವರು ಟಿವಿ ಆರಿಸಿ ಮಲಗಲು ಹೋದರು.

ಬೆಳಿಗ್ಗೆ ಹೊರಟೆವು. ಹೊರಟವರು ಸುಮ್ಮನೆ ಹೊರಟರೆ ಆಗುತ್ತಿರಲಿಲ್ಲವೇ? ಇವರಿಗೆ ಅದಕ್ಕೂ ಲೆಕ್ಕಾಚಾರ. ಹೂವಿಗೆ ದಾವಣಗೆರೆಯಲ್ಲಿ ನಿಂತರೆ ಮಾರುಕಟ್ಟೆಯ ಜನದಲ್ಲಿ ಹೊತ್ತು ಹೋಗುತ್ತದೆ, ನಿಲ್ಲದೆ ಹೋಗಿ ಹರಿಹರದಲ್ಲಿ ಹೂವು ಹಣ್ಣು ಎರಡನ್ನೂ ಒಂದೇ ನಿಲುಗಡೆಯಲ್ಲಿ ಮುಗಿಸಿದರೆ ಲಾಭ ಎಂದು ಹೆದ್ದಾರಿಯ ತನಕ ವಿವರಿಸಿದರು. ಹರಿಹರದಲ್ಲಿ ಹೂವು ಸಿಕ್ಕಿತು. ಹಣ್ಣಿನ ಅಂಗಡಿಯ ಮುಂದೆ ಲಾರಿ ನಿಂತಿತ್ತು. ಮುಂದೆ ಸಿಗುತ್ತದೆ ಎಂದು ಬಿಟ್ಟರು. ಮುಂದೆ ಸಿಗಲಿಲ್ಲ. ಅತ್ತೆಯವರು, ಬರಿಗೈಲಿ ಬೀಗರ ಮನೆ ಮೆಟ್ಟಿಲು ಹತ್ತಲ್ಲ ಎಂದು ಹಟ ಹಿಡಿದದ್ದರಿಂದ ತಿರುಗಿ ಬಂದು ಬಾಳೆಹಣ್ಣು ಕೊಂಡೆವು. ಆಮೇಲೆ ಅತ್ತೆಯವರಿಗೆ ಚಹಾ ಬೇಕಾಯಿತು. ಅದಾದ ಮೇಲೆ, ಚಹಾ ಕುಡಿದ ಕಾರಣಕ್ಕೆ, ಇನ್ನೊಂದು ಕಡೆ ನಿಲ್ಲಿಸಬೇಕಾಯಿತು. ಒಂದು ನಿಲುಗಡೆಯ ಯೋಜನೆ ಎಲ್ಲಿಗೆ ಬಂತು ಎಂದು ನಾನು ಕೇಳಬಾರದಿತ್ತು, ಕೇಳಿದೆ. ಇವರ ತುಟಿ ಅಲ್ಲಾಡುತ್ತಿತ್ತು. ಕೊಕ್ಕನೂರಿನಲ್ಲಿ ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದರು ಎಂದು ನನಗೆ ಗೊತ್ತಾಯಿತು.

ಊರು ಇನ್ನೇನು ಬಂತು ಎನ್ನುವಾಗ ನಾಲೆಗೆ ಒಂದು ಇಕ್ಕಟ್ಟಿನ ಸೇತುವೆ ಇದೆ. ಒಂದು ಗಾಡಿ ಹೋದರೆ ಇನ್ನೊಂದಕ್ಕೆ ಜಾಗವಿಲ್ಲ. ನಮ್ಮ ಕಾರು ಸೇತುವೆಯ ನಡುವೆ ಬರುವುದಕ್ಕೂ ಆಚೆಯಿಂದ ಟ್ರಾಲಿ ಕಟ್ಟಿದ ಒಂದು ಟ್ರಾಕ್ಟರು ಬರುವುದಕ್ಕೂ ಸರಿಹೋಯಿತು. ಎರಡೂ ಮೂತಿಗೆ ಮೂತಿ ಹಚ್ಚಿ ನಿಂತವು. ಟ್ರಾಕ್ಟರಿನ ಮೇಲೆ ನನ್ನ ತಮ್ಮ ಕೂತಿದ್ದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇವರು ಇಂಜಿನ್ ಆರಿಸಿದರು. ಅವನೂ ಆರಿಸಿದ. ಟ್ರಾಲಿ ಕಟ್ಟಿದ ಟ್ರಾಕ್ಟರನ್ನು ಹಿಂದಕ್ಕೆ ಓಡಿಸುವುದು ಸುಲಭವಲ್ಲ, ಆದರೆ ನನ್ನ ತಮ್ಮನಿಗೆ ಅದು ನೀರು ಕುಡಿದಷ್ಟು ಸಲೀಸು. ಕಾರನ್ನು ಹಿಂದಕ್ಕೆ ಓಡಿಸುವುದು ಸುಲಭ, ಆದರೆ ನಮ್ಮ ಮನೆಯವರಿಗೆ ಬರುವುದಿಲ್ಲ. ಮನೆಯ ಗೇಟಿನಿಂದ ಕಾರು ಹೊರಗೆ ತೆಗೆಯುವಾಗ ಇಡೀ ಬೀದಿ ಹೊರಗೆ ಬಂದು ದಾರಿ ಹೇಳುತ್ತದೆ. ಒಬ್ಬರು ಆಗುವುದನ್ನು ಮಾಡಲೊಲ್ಲರು, ಇನ್ನೊಬ್ಬರು ಆಗುವುದಿಲ್ಲ ಎಂದು ಹೇಳಲೊಲ್ಲರು.

ಸ್ವಲ್ಪ ಹೊತ್ತಿಗೆ ನಮ್ಮ ಹಿಂದೆ ಹಾಲಿನ ಟೆಂಪೋ, ಬೈಕುಗಳು, ಅವನ ಹಿಂದೆ ಒಂದು ಆಟೋ, ಅದರ ಹಿಂದೆ ಎಮ್ಮೆಗಳು ಬಂದು ನಿಂತವು. ನಾಟಿಗೆ ಹೊರಟ ಹೆಂಗಸರು ಆಟೋದಿಂದ ಇಳಿದರು. ನ್ಯಾಯ ತಾನಾಗಿ ಶುರುವಾಯಿತು.

"ಸೇತುವಿಗೆ ಮೊದ್ಲು ಬಂದೋರು ಯಾರು? ಅದನ್ನ ಹೇಳ್ರಿ" ಎಂದ ಟೆಂಪೋದವನು.

"ಕಾರು ಬಂದಿದ್ದು ಮೊದ್ಲು. ಆದ್ರೆ ಟ್ರಾಕ್ಟ್ರು ಲೋಡಿನಾಗೆ ಐತೆ" ಎಂದಳು ಒಬ್ಬಾಕೆ.

"ಲೋಡು ಇದ್ರೇನು, ಕಾರಿನಾಗೆ ವಯಸ್ಸಾದೋರು ಅದಾರೆ" ಎಂದು ಇನ್ನೊಬ್ಬಳು ಅತ್ತೆಯವರನ್ನು ತೋರಿಸಿದಳು. ಅತ್ತೆಯವರಿಗೆ ಈ ವಾದ ಹಿಡಿಸಲಿಲ್ಲ, ಗಾಜು ಏರಿಸಿಕೊಂಡರು. ಎಮ್ಮೆ ಕಾಯುವ ಮುದುಕನೊಬ್ಬ, ಇಬ್ಬರೂ ಇಳಿದು ಗಾಡಿ ಬದಲಾಯಿಸಿಕೊಂಡು ಹೋಗಲಿ ಎಂದು ಸಲಹೆ ಕೊಟ್ಟ. ಅದರ ಬಗ್ಗೆಯೂ ಎರಡು ಪಂಗಡವಾಯಿತು.

ನಾನು ಹಿಂದಿನ ಸೀಟಿನಿಂದ ತಮ್ಮನನ್ನೇ ನೋಡುತ್ತಿದ್ದೆ. ಸೊರಗಿದ್ದ. ಇಳಿದು ಹೋಗಿ ಅವನ ಕಾಲು ಹಿಡಿಯೋಣವೇ ಅನ್ನಿಸಿತು, ದೊಡ್ಡವಳಾಗಿದ್ದೂ. ಮದುವೆಗೆ ಇನ್ನು ಎಷ್ಟು ದಿನ ಉಳಿದಿತ್ತು? ಇವರು ಇಲ್ಲಿಂದಲೇ ಹಿಂದಿರುಗಿ ಹೋದರೆ ಮತ್ತೆ ಬರುವವರಲ್ಲ. ಬಾಗಿಲಿನ ಹಿಡಿಗೆ ಕೈ ಹಾಕಿದೆ.

ಆಗ ಇವರು ಕೀಲಿ ತಿರುಗಿಸಿದರು. ಗೇರು ಕಿರ್ರೆಂದಿತು. ಕಾರು ಹಿಂದಕ್ಕೆ ಚಲಿಸಿತು.

ಹಾಲಿನ ಟೆಂಪೋ, ಬೈಕುಗಳು ದಡಬಡ ಸರಿದವು. ಇವರು ಕತ್ತು ತಿರುಗಿಸಿ, ಬೆವರುತ್ತ, ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕಾದಲ್ಲಿ ಎಡಕ್ಕೆ, ಎಡಕ್ಕೆ ತಿರುಗಿಸಬೇಕಾದಲ್ಲಿ ಮತ್ತೂ ಎಡಕ್ಕೆ ತಿರುಗಿಸುತ್ತಿದ್ದರು. ಕಾರಿನ ಮಗ್ಗುಲು ಸೇತುವೆಯ ಕಟ್ಟೆಗೆ ಉಜ್ಜಿತು. ಹಿಂದಿನ ಚಕ್ರ ಸೇತುವೆ ದಾಟಿ ನಾಲೆಯ ಅಂಚಿಗೆ ವಾಲಿತು. ಕೆಳಗೆ ತುಂಬಿದ ನೀರು. ಅತ್ತೆಯವರು ಕಣ್ಣು ಮುಚ್ಚಿ ಶಿವಶಿವಾ ಎಂದರು.

ನನ್ನ ತಮ್ಮ ಟ್ರಾಕ್ಟರಿನಿಂದ ಹಾರಿ ಓಡಿ ಬಂದ. ಕಾರಿನ ಹಿಂದೆ, ನಾಲೆಯ ಅಂಚಿನಲ್ಲೇ ನಿಂತು ಡಿಕ್ಕಿಯ ಮೇಲೆ ಕೈ ಬಡಿದ.

"ನಿಲ್ರಿ ಭಾವ, ನಿಲ್ರಿ. ಸ್ವಲ್ಪ ಮುಂದಕ್ಕೆ ಹೋಗ್ರಿ. ಹ್ಞಾಂ. ಈಗ ಬಲಕ್ಕೆ ಹೊಡೀರಿ. ಬಲಕ್ಕಂದ್ರೆ ನಿಮ್ ಊಟದ ಕೈ ಕಡಿಗೆ. ಬರ್ಲಿ, ಬರ್ಲಿ, ಇನ್ನೂ ಬರ್ಲಿ. ಹೆದರಬ್ಯಾಡ್ರಿ, ನಾನು ಅದೀನಿ. ಸಾಕು."

ಅಷ್ಟು ದಿನಗಳ ಮೇಲೆ ಅವನು ಭಾವನ ಜೊತೆ ಆಡಿದ ಮೊದಲ ಮಾತುಗಳು ಅವು. ಇವರು ಒಂದೊಂದನ್ನೂ ಶಾಲೆಯ ಹುಡುಗನ ಹಾ‍ಗೆ ಪಾಲಿಸಿದರು. ಕಾರು ಏರಿಯ ಅಗಲವಾದ ಜಾಗದಲ್ಲಿ ನಿಂತಿತು. ನೆರೆದವರಿಗೆ ಕೊಂಚ ನಿರಾಸೆಯಾಗಿರಬೇಕು, ವಾದವನ್ನು ಅರ್ಧಕ್ಕೇ ಬಿಟ್ಟು ತಂತಮ್ಮ ಗಾಡಿ ಹತ್ತಿದರು.

ನನ್ನ ತಮ್ಮ ಟ್ರಾಕ್ಟರನ್ನು ಸೇತುವೆ ದಾಟಿಸಿ ನಮ್ಮ ಪಕ್ಕಕ್ಕೆ ತಂದು ನಿಲ್ಲಿಸಿದ. ಟ್ರಾಲಿ ತುಂಬ ಅಕ್ಕಿಯ ಮೂಟೆ. ಮೂಟೆಗಳ ನಡುವೆ ತೆಂಗಿನಕಾಯಿ ಚೀಲ, ಹಗ್ಗ ಹಾಕಿ ಕಟ್ಟಿದ ದೊಡ್ಡ ಹಂಡೆ, ನಮ್ಮ ಅವ್ವ ಹಬ್ಬಕ್ಕೆ ಮಾತ್ರ ತೆಗೆಯುತ್ತಿದ್ದ ಹಂಡೆ. ನಾನು ಇಳಿದು ಹೋಗಿ ಮೂಟೆಯ ಮೇಲೆ ಕೈಯಿಟ್ಟೆ.

"ಇಷ್ಟೊಂದು ಎಲ್ಲಿಗೋ?" ಎಂದೆ.

"ಎಲ್ಲಿಗೆ ಅಂದ್ರೆ? ನಿಮ್ಮ ಮನಿಗೆ. ಮದುವಿ ಅಡಿಗಿಗೆ ಅಕ್ಕಿ ಬ್ಯಾಡೇನು?"

ಇವರು ಹೂವು, ಹಣ್ಣು, ಪತ್ರಿಕೆ ಇಟ್ಟ ತಟ್ಟೆ ಹಿಡಿದು ನನ್ನ ಹಿಂದೆ ಬಂದು ನಿಂತಿದ್ದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತುಗಳಲ್ಲಿ ಒಂದೂ ಹೊರಡಲಿಲ್ಲ. "ಬಸು, ಕರೆಯಾಕೆ ತಡ ಆತು. ತಪ್ಪು ನನ್ನದೇ" ಎಂದಷ್ಟೇ ಹೇಳಿದರು.

ನನ್ನ ತಮ್ಮ, ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡ.

"ನನ್ ಸೊಸಿ ಮದುವಿಗೆ ನನ್ನ ಕರೀಬೇಕೇನ್ರಿ ಭಾವ" ಎಂದ. "ನಾನು ಆಗ್ಲೇ ಹೊರಟಿದ್ದೆ."